ಹೊಸಿಲು ದಾಟದ ಮೀನು

ಬೇರೆಯವರ ಮನೆಯಲ್ಲಿ ಯಾವಾಗಲೋ ಒಮ್ಮೆ ಆಗುವ ತಮಾಷೆ ನಮ್ಮ ಮನೆಯಲ್ಲಿ ಕಾಲಿಗೆ ತೊಡರುವ ಹಾಗೆ ಆಗುತ್ತಿರುತ್ತದೆ. ಕಾರಣ ಇಷ್ಟೇ: ನನಗೆ ಮೀನು ಕೂಡಿಹಾಕುವ ಹುಚ್ಚು, ನಮ್ಮದು ಬೆಳ್ಳುಳ್ಳಿ ಹಾಕುವುದಕ್ಕೂ ದಿನ ನೋಡುವ ಮನೆ.

ಗಾಬರಿ ಬೇಡ. ನನ್ನ ಮೀನುಗಳು ಸತ್ತು ಕೋಟ್ಯಂತರ ವರ್ಷವಾಗಿದೆ. ಕೆಸರಿನಲ್ಲಿ ಹೂತುಹೋಗಿ, ಮೂಳೆ ಹುರುಪೆ ಸಮೇತ ಕಲ್ಲಾದವು. ಪಳೆಯುಳಿಕೆ ಅನ್ನುತ್ತಾರಲ್ಲ, ಅದು. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಓದುವ ಕಾಲದಿಂದಲೂ ಒಂದೊಂದು ಹಲ್ಲು, ಒಂದೊಂದು ಬೆನ್ನುಮೂಳೆಯ ತುಂಡು ಅಂತ ಬಿಸ್ಕತ್ತು ಡಬ್ಬಿಗಳಲ್ಲಿ ತುಂಬಿಟ್ಟಿದ್ದೇನೆ. ಇಡೀ ಮೀನು ಮಾತ್ರ ಇರಲಿಲ್ಲ. ನನಗೆ ಪಾಠ ಹೇಳಿದ ಮೇಡಂ ಬೆಂಗಳೂರಿನ ಮನೆ ಖಾಲಿ ಮಾಡುವಾಗ, ಗೋದಾವರಿ ಕಡೆಯಿಂದ ಎಂದೋ ತಂದಿಟ್ಟುಕೊಂಡಿದ್ದ ಒಂದನ್ನು ನನ್ನ ಕೈಗಿಟ್ಟರು. ತಲೆಯಿಂದ ಬಾಲದವರೆಗೆ ಪೂರ್ತಿ ಇದೆ. ಹುರುಪೆಗಳು ಹೆಂಚು ಹೊದಿಸಿದ ಹಾಗೆ ಸಾಲಾಗಿ ಇವತ್ತಿಗೂ ಮಿನುಗುತ್ತವೆ. "ಚೆನ್ನಾಗಿ ನೋಡ್ಕೋಮ್ಮ," ಅಂದರು ಮೇಡಂ. ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟು ರಾಮನಗರದ ಬಸ್ಸು ಹತ್ತಿದೆ.

ಲಗೇಜು

ಕಂಡಕ್ಟರ್ ನನಗೆ ಫ್ರೀ ಟಿಕೆಟ್ ಕೊಟ್ಟು, ತೊಡೆಯ ಮೇಲಿನ ಚೀಲ ನೋಡಿದ. "ಏನಮ್ಮ ಅದು, ಭಾರ ಇದ್ದಂಗೈತೆ?"

ನಾನಾದರೂ ಸುಮ್ಮನಿರಬಾರದಾ? "ಮೀನು," ಅಂದೆ.

"ಮೀನು ಬಸ್ಸಲ್ಲಿ ತರಂಗಿಲ್ಲ."

"ಕಲ್ಲಿನ ಮೀನಪ್ಪ."

"ಕಲ್ಲಾದ್ರೆ ಲಗೇಜ್ ಆಯ್ತದೆ."

ಕೊಟ್ಟೆ. ನನಗೆ ಪುಕ್ಕಟೆ, ಮೀನಿಗೆ ಟಿಕೆಟ್ಟು. ಬಿಡದಿಯಲ್ಲಿ ಬೈರಮಂಗಲದ ಅಜ್ಜಿಯೊಬ್ಬರು ಹತ್ತಿ ನನ್ನ ಪಕ್ಕ ಕೂತರು. ಮಗಳ ಮನೆಗೆ ಹೊರಟಿದ್ದೀನಿ ಅಂದರು. ಬಸ್ಸು ಊರು ಬಿಡುವಷ್ಟರಲ್ಲಿ ಘಮ್ಮೆಂದು ಮೀನಿನ ವಾಸನೆ.

"ಕಲ್ಲು ಅಂದ್ರಲ್ಲಮ್ಮ, ಈಗ ನೋಡಿ!" ಅಂತ ಕಂಡಕ್ಟರ್ ಹಿಂದಿನಿಂದ ಓಡಿ ಬಂದ. ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು. ನಾನು ಚೀಲ ಬಿಚ್ಚಿ ತೋರಿಸಿದೆ. ಪುಣ್ಯಾತ್ಮ ಬಗ್ಗಿ ನನ್ನ ಮೀನನ್ನು ಮೂಸಿ ನೋಡಿದ. "ಕಲ್ಲೇ ಕಣಮ್ಮ. ಆದ್ರೂ ಒಸಿ ನಾರ್ತದೆ," ಅಂತ ಎಲ್ಲರ ಕಿಟಕಿ ತೆಗೆಸಿದ. ಪಕ್ಕದ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು. ನನಗೆ ನಾಚಿಕೆಯಿಂದ ಇಳಿದು ಹೋಗೋಣ ಅನ್ನಿಸಿತು.

ರಾಮನಗರದಲ್ಲಿ ಇಳಿದಾಗ ಅಜ್ಜಿ ತಮ್ಮ ಕಾಲ ಬುಡದಲ್ಲಿದ್ದ ಚೀಲ ಎತ್ತಿಕೊಂಡು ನನ್ನ ಕಿವಿಯ ಹತ್ತಿರ ಬಂದರು. "ನಿನ್ ಮೀನಿನ ದೆಸೆಯಿಂದ ನನ್ ಮೀನೂ ಬಂತು ಕಣವ್ವ. ನಿನ್ ಹೊಟ್ಟೆ ತಣ್ಣಗಿರ್ಲಿ."

ತೀರ್ಪು

ಮನೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಡಬ್ಬಿಗಳಲ್ಲಿರುವ ನನ್ನ ಹಲ್ಲು, ಹುರುಪೆ ಎಲ್ಲ ಅವರ ಲೆಕ್ಕದಲ್ಲಿ ಜಲ್ಲಿ. ಇದು ಹಾಗಲ್ಲ, ಯಾರು ನೋಡಿದರೂ ಮೀನು ಅಂತಲೇ ಹೇಳುತ್ತಾರೆ.

"ಏನೇ ಇದು?"

"ಕಲ್ಲು ಅತ್ತೆ."

"ಕಲ್ಲಿಗೆ ಬಾಲ ಯಾಕಿದೆ?"

"ಸತ್ತು ಕೋಟ್ಯಂತರ ವರ್ಷ ಆಗಿದೆ ಅತ್ತೆ."

"ಹಾಗಾದ್ರೆ ಸೂತಕ ಇಲ್ಲ," ಅಂತ ಸ್ವಲ್ಪ ಯೋಚಿಸಿದರು. "ಮೈಲಿಗೆ ಇದ್ದೇ ಇದೆ. ಹೊಸಿಲು ದಾಟಿಸಬೇಡ, ಜಗಲಿ ಮೇಲಿರಲಿ."

ನಾನು ಗಂಡನ ಮುಖ ನೋಡಿದೆ. ಅವರು ಟ್ಯಾಂಕು ತುಂಬಿತೇನೋ ನೋಡಿಬರುತ್ತೇನೆ ಅಂತ ಮಹಡಿ ಹತ್ತಿದರು. ಆ ಟ್ಯಾಂಕು ಈ ಮನುಷ್ಯನನ್ನು ಎಷ್ಟು ಜಗಳಗಳಿಂದ ಕಾಪಾಡಿದೆಯೋ!

ನಿಜವಾದ ಚಿಂತೆ ಬೇರೆ. ಆ ಕಲ್ಲು ನಮ್ಮೂರ ಬಂಡೆಯಂಥದ್ದಲ್ಲ. ಸುಣ್ಣದ ಕಲ್ಲು, ಪದರ ಪದರ. ಜಗಲಿಗೆ ಬಿಸಿಲೂ ಬೀಳುತ್ತದೆ, ಮಳೆಯ ಎರಚಲೂ ಹೊಡೆಯುತ್ತದೆ. ಮಳೆಗಾಲದೊಳಗೆ ಅದು ಒಳಗೆ ಬರದಿದ್ದರೆ ಹುರುಪೆ ಒಂದೊಂದಾಗಿ ಎದ್ದು ಹೋಗುತ್ತದೆ.

"ಸಾಲಿಗ್ರಾಮದ ವಿಷಯ ಹೇಳಿಬಿಡೆ, ಇವತ್ತೇ ಒಳಗೆ ಬರತ್ತೆ," ಅಂದರು ನಮ್ಮವರು, ಮಹಡಿಯಿಂದ ಇಳಿದು ಬಂದು, ಪಿಸುಮಾತಿನಲ್ಲಿ.

ದೇವರ ಮನೆಯಲ್ಲಿ ತಲೆಮಾರುಗಳಿಂದ ಪೂಜೆಯಾಗುವ ಸಾಲಿಗ್ರಾಮವಿದೆ. ದಿನಾ ಬೆಳಗ್ಗೆ ನಮ್ಮವರು ಅಭಿಷೇಕ ಮಾಡುತ್ತಾರೆ, ಅತ್ತೆ ಬಾಗಿಲಲ್ಲಿ ಕೂತು ತಪ್ಪು ಹಿಡಿಯುತ್ತಾರೆ. ಆ ಕಲ್ಲಿನೊಳಗಿನ ಚಕ್ರವೂ ಪಳೆಯುಳಿಕೆಯೇ. ಹಿಂದೆ ಸಮುದ್ರದಲ್ಲಿ ಓಡಾಡಿಕೊಂಡಿದ್ದ ಒಂದು ಚಿಪ್ಪಿನ ಪ್ರಾಣಿ. ಹೇಳಿದರೆ ಗೆದ್ದೆ, ಸಂಶಯವಿಲ್ಲ. ಆದರೆ ಮಾವ ಹೋದ ಮೇಲೆ ಅತ್ತೆಗೆ ಬೆಳಗಾಗುವುದೇ ಆ ಕಲ್ಲಿನ ಎದುರು. ಮರುದಿನ ಅವರು ಅದನ್ನು ಯಾವ ಕಣ್ಣಿನಿಂದ ನೋಡಬೇಕು? ನನ್ನ ಮೀನಿಗೋಸ್ಕರ ಅವರ ದೇವರನ್ನು ಎಳೆದು ತರಲು ಮನಸ್ಸಾಗಲಿಲ್ಲ.

"ಮೀನು ನೆನೆದರೆ ನೆನೀಲಿ. ಆ ಮಾತು ನನ್ನ ಬಾಯಿಂದ ಬರಲ್ಲ," ಅಂದೆ.

ನಮ್ಮವರು ಗಂಭೀರವಾಗಿ ಯೋಚಿಸಿ, "ಹಾಗಾದ್ರೆ ಅದಕ್ಕೊಂದು ಕೊಡೆ ತರ್ಲಾ?" ಅಂದರು.

ಕಣ್ಣು

ಒದ್ದೆ ನೆಲಕ್ಕೆ ತಾಗದಿರಲಿ ಅಂತ ಮರದ ಸ್ಟ್ಯಾಂಡ್ ಮಾಡಿಸಲು ಮೀನನ್ನು ಚನ್ನಪಟ್ಟಣಕ್ಕೆ ಒಯ್ದೆ. ಗೊಂಬೆ ಮಾಡುವವರೊಬ್ಬರು ಅಳತೆಗೆ ಬೇಕು, ಬಿಟ್ಟು ಹೋಗಿ ಅಂದರು. ಮುಟ್ಟುವಾಗ ಹುಷಾರು ಅಂತ ಹೇಳಿ ಹೇಳಿ ಬಂದೆ.

ವಾಪಸು ತರಲು ಹೋದಾಗ ನೋಡಿದರೆ, ಸ್ಟ್ಯಾಂಡೇನೋ ಚಂದ ಮಾಡಿದ್ದರು. ಅದರ ಮೇಲೆ ಕೂತ ಮೀನು ನನ್ನನ್ನೇ ನೋಡುತ್ತಿತ್ತು! ಬಿಳಿಯ ಮೇಲೆ ಕಪ್ಪು ಬೊಟ್ಟು, ಸುತ್ತ ಕೆಂಪು ಗೆರೆ, ಎಲ್ಲ ಅರಗಿನ ಬಣ್ಣ.

"ಅಯ್ಯಯ್ಯೋ, ಇದೇನ್ರೀ ಮಾಡಿದ್ರಿ?"

"ಕಣ್ಣೇ ಇರ್ಲಿಲ್ಲ ಮೇಡಂ," ಅಂದರು, ನನ್ನ ಮೇಲೆಯೇ ಕನಿಕರಪಟ್ಟು. "ಕಣ್ಣಿಲ್ದೆ ಗೊಂಬೆ ಅಂಗಡಿಯಿಂದ ಆಚೆ ಕಳಿಸಿದ್ರೆ ನಮ್ಮ ಮರ್ಯಾದೆ ಹೋಗ್ತದೆ. ಕಣ್ಣಿಗೆ ಕಾಸು ಬೇಡ, ಬಿಡಿ."

ಮನೆಗೆ ತಂದು, ಹತ್ತಿಗೆ ಸ್ಪಿರಿಟ್ ಅದ್ದಿ, ಜಗಲಿಯ ಮೇಲೆ ಕೂತು ಮೆಲ್ಲಗೆ ಕಣ್ಣು ಒರೆಸತೊಡಗಿದೆ. ಅಷ್ಟು ದಿನ ಅತ್ತ ತಲೆ ಹಾಕದಿದ್ದ ಅತ್ತೆ ಹೊಸಿಲಿನ ಒಳಗೇ ನಿಂತು ಇಣುಕಿದರು.

"ಯಾಕೇ ಒರೆಸ್ತೀಯ? ಈಗ ತಾನೇ ಮುಖಕ್ಕೆ ಒಂದು ಕಳೆ ಬಂದಿತ್ತು!"

ಹಿರೀಕರು

ಮೇಡಂ ಮೀನಿನ ಕಲ್ಲು ಕೂಡಿಡುತ್ತಾರಂತೆ ಅಂತ ಕಾಲೇಜಿನ ಮಕ್ಕಳು ಊರೂರಿಗೆ ಸುದ್ದಿ ಮುಟ್ಟಿಸಿದ್ದರು. ಒಂದು ಭಾನುವಾರ ತಿಪ್ಪಸಂದ್ರದ ಕಡೆಯ ರೈತರೊಬ್ಬರು, ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ, ಗೋಣಿಚೀಲದಲ್ಲಿ ಒಂದು ಕಲ್ಲು ಹೊತ್ತು ತಂದು ಜಗಲಿಯ ಮೇಲೆ ಧೊಪ್ಪನೆ ಇಳಿಸಿದರು.

"ನಮ್ ಹೊಲ್ದಾಗೆ ಸಿಕ್ತು ಮೇಡಮ್ಮೋರೇ. ನೋಡಿ, ಮೀನು ಹೆಂಗೈತೆ!"

ನೋಡಿದೆ. ನಮ್ಮ ಊರ ಗ್ರಾನೈಟ್ ಬಂಡೆಯ ತುಂಡು, ಅದರ ಮೇಲೆ ಮೀನಿನ ಹಾಗೆ ಕಾಣುವ ಒಂದು ಬಿಳಿ ಪಟ್ಟೆ. ಅಷ್ಟು ದೂರದಿಂದ ಹೊತ್ತು ತಂದವರಿಗೆ ಇಲ್ಲ ಅನ್ನುವುದು ಹೇಗೆ? ಕೂರಿಸಿ ಕಾಫಿ ಕೊಟ್ಟು ಹೇಳಿದೆ: "ನಮ್ಮ ರಾಮನಗರ, ಮಾಗಡಿ ಸುತ್ತಿನ ಬಂಡೆಗಳಿದಾವಲ್ಲ, ಅವು ಮೀನಿಗಿಂತ ಹಳೇವು. ಅವು ಹುಟ್ಟಿದಾಗ ಲೋಕದಲ್ಲಿ ಮೀನೇ ಇರಲಿಲ್ಲ. ಇದರಲ್ಲಿ ಮೀನು ಹುಡುಕೋದು ಅಂದ್ರೆ ಅಜ್ಜಿ ಮದುವೆ ಫೋಟೋದಲ್ಲಿ ಮೊಮ್ಮಗನ್ನ ಹುಡುಕಿದ ಹಾಗೆ."

"ಮೀನೇ ಇರ್ನಿಲ್ವಾ?"

"ಇರಲಿಲ್ಲ."

ಅವರು ಲೋಟ ಕೆಳಗಿಟ್ಟು ಆ ಕಲ್ಲಿನ ಮೇಲೆ ಮೆಲ್ಲಗೆ ಕೈಯಾಡಿಸಿದರು. ದಿನಾ ಕಣ್ಣೆದುರು ಇರುವ ಬೆಟ್ಟ ಅಷ್ಟು ಹಿಂದಿನದು ಅಂತ ಮೊದಲ ಸಲ ತಿಳಿದಾಗ ನನಗೂ ಹೀಗೇ ಆಗಿತ್ತು. ಆಮೇಲೆ ಎದ್ದು ಬರಿ ಗೋಣಿಚೀಲ ಮಡಿಸಿ ಕಂಕುಳಲ್ಲಿಟ್ಟುಕೊಂಡರು.

"ಕಲ್ಲು ತಗೊಂಡು ಹೋಗಲ್ವಾ?" ಅಂದೆ.

"ಇರ್ಲಿ, ಮಡಿಕಳಿ ಮೇಡಮ್ಮೋರೇ. ಈಗ ಇಲ್ದಿದ್ರೆ ಏನಾಯ್ತು, ಮುಂದಕ್ಕೆ ಬಂದಾತು."

ಸ್ನಾನ

ಕೊನೆಗೂ ಮಳೆ ಬಂತು. ಒಂದು ಸಂಜೆ ಗಾಳಿ ತಿರುಗಿ ಎರಚಲು ಜಗಲಿಯ ಗೋಡೆಗೇ ಬಡಿಯಿತು. ಹೊದಿಸಿದ್ದ ಪ್ಲಾಸ್ಟಿಕ್ ಹಾರಿ ಪಕ್ಕದ ಮನೆಯವರ ಗೇಟಿಗೆ ಸಿಕ್ಕಿಕೊಂಡಿತ್ತು. ಬಂದು ನೋಡಿದರೆ ಬಾಲದ ಹತ್ತಿರ ಹುರುಪೆ ಎದ್ದಿತ್ತು. ಮೇಡಂಗೆ ಕೊಟ್ಟ ಮಾತು ನೆನಪಾಗಿ ಅಲ್ಲೇ ಕೂತು ಅತ್ತುಬಿಟ್ಟೆ. ಬೆಳಗ್ಗೆಯೇ ಆಟೋ ಕರೆದು ಮೀನನ್ನು ಕಾಲೇಜಿಗೆ ಕೊಟ್ಟುಬಿಡುವುದು ಅಂತ ತೀರ್ಮಾನ ಮಾಡಿದೆ.

ಬೆಳಗ್ಗೆ ಆಟೋಗಿಂತ ಮುಂಚೆ ನಾದಿನಿಯ ಮಗಳು ಬಂದಳು. ಭೂವಿಜ್ಞಾನ ಓದಿದವಳು, ಬಾಯಿಗೆ ಬಾಗಿಲಿಲ್ಲ. ವಿಷಯ ಕೇಳಿದ್ದೇ ನೆಟ್ಟಗೆ ಅಜ್ಜಿಯ ಎದುರು ಹೋಗಿ ನಿಂತಳು.

"ಏನಜ್ಜಿ, ಮೀನು ಒಳಗೆ ಬರಬಾರದು ಅಂದ್ರೆ ನಿಮ್ಮ ಸಾಲಿಗ್ರಾಮಾನೂ ಜಗಲಿಗೇ ಇಡಬೇಕು. ಅದೂ ಸಮುದ್ರದ ಪ್ರಾಣೀನೇ, ಸತ್ತು ಕಲ್ಲಾಗಿರೋದು!"

ಇಷ್ಟು ದಿನ ಬಾಯಿ ಬಿಗಿಹಿಡಿದಿದ್ದು ನೀರುಪಾಲು. ನಮ್ಮವರು ಟ್ಯಾಂಕು ನೋಡಲು ಎದ್ದವರು ಅಲ್ಲೇ ನಿಂತರು.

ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಗೊತ್ತು. ಅದರೊಳಗೆ ಒಂದು ಹುಳ ಇತ್ತು, ಆ ಹುಳಾನೇ ಚಕ್ರ ಕೊರೆದದ್ದು ಅಂತ ನಾನು ಲಂಗ ಹಾಕೋ ಕಾಲಕ್ಕೇ ನಮ್ಮಪ್ಪ ಹೇಳಿದ್ರು. ನೀವು ಫೀಸು ಕಟ್ಟಿ ಕಲಿತ್ರಿ, ಅಷ್ಟೆ."

"ಮತ್ತೆ ಅದು ದೇವರ ಮನೇಲಿ, ಇದು ಮಾತ್ರ ಆಚೆ ಯಾಕೆ?"

"ಅದಕ್ಕೆ ದಿನಾ ಸ್ನಾನ ಆಗತ್ತೆ. ಇದು ಬಂದು ಇಷ್ಟು ಕಾಲ ಆಯ್ತು, ಯಾರಾದ್ರೂ ಒಂದು ಚೊಂಬು ನೀರು ಹಾಕಿದ್ರಾ? ಬಸ್ಸಲ್ಲಿ ಬಂದದ್ದನ್ನ ಹಾಗೇ ಒಳಗೆ ಬಿಟ್ಕೊಳ್ಳೋಕಾಗತ್ತೇನೇ?"

ನಾನು ಅವರ ಪಕ್ಕ ಕೂತೆ. "ಮೊದಲೇ ಯಾಕೆ ಹೇಳಲಿಲ್ಲ ಅತ್ತೆ?"

"ನೀನು ಇವತ್ತು ಸಾಲಿಗ್ರಾಮದ ಮಾತು ಎತ್ತುತ್ತೀಯ, ನಾಳೆ ಎತ್ತುತ್ತೀಯ ಅಂತ ಕಾಯ್ತಾ ಇದ್ದೆ. ಎತ್ತಲೇ ಇಲ್ಲ," ಅಂದರು. ನನ್ನ ಮುಖ ಒಮ್ಮೆ ನೋಡಿ, ಹುರುಳಿಕಾಯಿ ಬುಟ್ಟಿ ನನ್ನ ಮಡಿಲಿಗೆ ತಳ್ಳಿ ಎದ್ದು ಹೋದರು. ನಾನು ನಾರು ತೆಗೆಯತೊಡಗಿದೆ.

ಬರುವಾಗ ಅವರ ಕೈಯಲ್ಲಿ ಚೊಂಬು, ಹಿತ್ತಾಳೆ ಪಾತ್ರೆ ಬೆಳಗುವ ಹುಣಸೆಹಣ್ಣು! ನಾನು ಬುಟ್ಟಿ ಬಿಸಾಕಿ ಅಡ್ಡ ನಿಂತೆ. "ಹುಳಿ ಬೇಡ ಅತ್ತೆ, ಸುಣ್ಣದ ಕಲ್ಲು, ಕರಗಿ ಹೋಗತ್ತೆ! ನೀರೂ ಜಾಸ್ತಿ ತಡೆಯಲ್ಲ!"

ಅತ್ತೆ ಮೀನನ್ನು ಮೇಲಿನಿಂದ ಕೆಳಗೆ ನೋಡಿದರು. "ಸರಿ. ವಯಸ್ಸಾಗಿದೆ, ಪ್ರೋಕ್ಷಣೆ ಸಾಕು."

ತುಳಸಿ ದಳ ಅದ್ದಿ ನಾಲ್ಕು ಹನಿ ಚಿಮುಕಿಸಿದರು. ಹನಿ ಬಿದ್ದಲ್ಲೆಲ್ಲ ನಾನು ಹಿಂದೆಯೇ ಬಟ್ಟೆ ಒತ್ತಿದೆ. ಹುಟ್ಟಿದ್ದು ನೀರಿನಲ್ಲಿ, ಬದುಕಿದ್ದು ನೀರಿನಲ್ಲಿ. ನಮ್ಮ ಮನೆಯೊಳಗೆ ಬರಲು ಮಾತ್ರ ಇನ್ನೂ ಒಂದು ಸ್ನಾನ ಬಾಕಿಯಿತ್ತು. ಮೀನು ಹೊಸಿಲು ದಾಟಿ ನಡುಮನೆಯ ಗಾಜಿನ ಬೀರು ಸೇರಿತು. ಆಟೋದವನನ್ನು ವಾಪಸು ಕಳಿಸಿದೆವು.

ಮರುದಿನ ಬೆಳಗ್ಗೆ ಎದ್ದವಳೇ, ಎದ್ದಿದ್ದ ಹುರುಪೆ ಅಂಟಿಸೋಣ ಅಂತ ಬ್ರಷ್ಷು, ಗೋಂದು ಹಿಡಿದು ಬೀರು ತೆಗೆದು ಕೈ ಚಾಚಿದೆ.

"ಏಯ್, ನಿಂದು ಸ್ನಾನ ಆಯ್ತೇನೇ?" ಅಂತ ಅಡುಗೆಮನೆಯಿಂದ ಅತ್ತೆಯ ದನಿ.

"ಇನ್ನೂ ಇಲ್ಲ ಅತ್ತೆ."

"ಹಾಗಾದ್ರೆ ಮುಟ್ಟಬೇಡ, ದೂರ ನಿಲ್ಲು. ಅದು ಮಡೀಲಿದೆ!"