ತೋಟಾ ಮಷೀನಿಗೆ ಜೀರ್ಣದ ಪುಡಿ

ಅಯ್ಯೋ, ನಾನೆಲ್ಲಿ ಬಂದೂಕಿನ ಕಾರ್ಖಾನೇಲಿದ್ದೆ ಕಣ್ರೀ! ಯಾರು ಹೇಳಿದ್ರು ನಿಮ್ಗೆ? ಯಾವ ಮದ್ವೆಗೆ ಹೋದ್ರೂ ಪಕ್ಕದ ಎಲೇಲಿ ಕೂತೋರು ಸಾರು ಬರೋದ್ರೊಳಗೆ ಇದನ್ನೇ ಕೇಳ್ತಾರೆ. ನಾನಿದ್ದಿದ್ದು ಕಡಕೊಳದಲ್ಲಿ, ಜೀರ್ಣದ ಪುಡಿ ಮಾಡೋ ಒಂದು ಸಣ್ಣ ಫ್ಯಾಕ್ಟರೀಲಿ, ಫಿಟ್ಟರ್ ಆಗಿ. ಓಮ, ಶುಂಠಿ, ಸೈಂಧವ ಉಪ್ಪು, ಅಷ್ಟೇ. ಸಿಡಿಯೋದೇನಿದ್ರೂ ತಿಂದ ಮೇಲೆ.

ಈ ಮಾತು ಹುಟ್ಟಿದ್ದು ನಮ್ಮ ಸಾಹುಕಾರ್ರಿಂದ. ತೊಂಬತ್ತರ ದಶಕದ ಕೊನೇಲಿ, ಎಲ್ಲೋ ಉತ್ತರದ ಕಡೆ ಮುಚ್ಚೋಗಿದ್ದ ಕಾರ್ಖಾನೆಯೊಂದರ ಹರಾಜಲ್ಲಿ, ಬಂದೂಕಿನ ತೋಟಾ ತುಂಬೋ ಮಷೀನು ತಂದ್ಬುಟ್ರು. "ಪುಡಿ ತುಂಬೋ ಮಷೀನಿಗೆ ಯಾವ ಪುಡಿ ಆದ್ರೇನಯ್ಯ?" ಅಂದ್ರು. ಮಾತು ಸರಿಯಾಗೇ ಇತ್ತು. ಮೇಲೊಂದು ಬುಟ್ಟಿ, ಅದರಿಂದ ಕೆಳಕ್ಕೊಂದು ಕೊಳವೆ. ಕೊಳವೇಲಿ ಖಾಲಿ ತೋಟಾ ಒಂದೊಂದಾಗಿ ಇಳಿದು ಸುತ್ತೋ ತಟ್ಟೆ ಮೇಲೆ ನಿಲ್ಬೇಕು. ತಟ್ಟೆ ಒಂದೊಂದು ಹೆಜ್ಜೆ ತಿರುಗ್ದಾಗ್ಲೂ ಒಂದು ಕಡೆ ಪುಡಿ ಬೀಳುತ್ತೆ, ಮುಂದಿನ ಕಡೆ ಮುಚ್ಚಳ ಕೂರುತ್ತೆ, ಆಮೇಲೆ ಹೊರಗೆ. ನಾವು ಹಾಕ್ತಿದ್ದಿದ್ದು ಬೆರಳುದ್ದದ ಅಲ್ಯೂಮಿನಿಯಂ ಡಬ್ಬಿ. ಕರೀತಿದ್ದಿದ್ದು ಮಾತ್ರ ತೋಟಾ ಅಂತಲೇ.

ತೊಂದ್ರೆ ಎಲ್ಲಾ ಆ ಕೊಳವೇಲಿ. ತೋಟಾ ಸರಿಯಾಗಿ ಇಳಿದ್ರೆ ನನ್ನ ಕೆಲ್ಸ ಉಳೀತು. ಇಳೀದಿದ್ರೆ ಕೊಯಮತ್ತೂರಿಂದ ಹೊಸ ಮಷೀನು, ಅದರ ಜೊತೆ ಅವರದೇ ಫಿಟ್ಟರು. ಸಾಹುಕಾರ್ರು ಇದನ್ನ ಮೊದಲ ದಿನವೇ ಹೇಳಿದ್ರು, ನಗ್ತಾನೇ.

ಗೋಡೆ ಹಿಂದೆ

ಮಷೀನ್ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ನಮ್ಮ ಸೂಪರ್‌ವೈಸರ್ರು ಅದನ್ನ ಓದಿ ಎಲ್ರಿಗೂ ಕನ್ನಡದಲ್ಲಿ ಹೇಳಿದ್ರು. "ಹತ್ರದಲ್ಲಿ ಬೆಂಕಿ ಇರಬಾರದು. ಬೀಡಿ ಸೇದಬಾರದು. ತೋಟಾ ಸಿಕ್ಕಾಕೊಂಡ್ರೆ ಗುದ್ದಬಾರದು. ಕಣ್ಣಿಗೆ ಕನ್ನಡಕ ಇರಲೇಬೇಕು."

ಪುಡಿ ಯಾವ್ದು ಅಂತ ಎಲ್ರಿಗೂ ಗೊತ್ತಿತ್ತು. ಓಮ ಹುರಿದಿದ್ದೇ ಪ್ಯಾಕಿಂಗ್ ಹೆಂಗಸರು, ಅವತ್ತು ಬೆಳಿಗ್ಗೆ. ಆದ್ರೂ ಪುಸ್ತಕ ಮುಗಿಯೋ ಹೊತ್ತಿಗೆ ಅವರೆಲ್ಲ ಗೋಡೆ ಹಿಂದೆ. ಸಾಹುಕಾರ್ರು ಹೆಂಗಸರಿಗಿಂತ ಹಿಂದೆ. ಸೂಪರ್‌ವೈಸರ್ರು ವೆಲ್ಡಿಂಗ್ ಕನ್ನಡಕ ಹಾಕ್ಕೊಂಡು ತಟ್ಟೆ ಮೇಲೆ ಬಗ್ಗಿದ್ರು. ನಾನು ಸ್ವಿಚ್ ಒತ್ತಿದೆ.

ಮೊದಲನೇ ತೋಟಾನೇ ತಲೆಕೆಳಗಾಗಿ ಇಳೀತು. ಪುಡಿ ಅದರ ಬುಡದ ಮೇಲೆ ಬಿದ್ದು, ಎಗರಿ, ಸೀದಾ ಸೂಪರ್‌ವೈಸರ್ ಮೂಗಿಗೆ. ಸೂರಿನ ಶೀಟ್ ಅದುರೋ ಹಂಗೆ ಒಂದು ಸೀನು ಸೀನಿದ್ರು. ಗೋಡೆ ಹಿಂದೆ ಯಾರೋ ಕಿಟಾರಂತ ಕಿರುಚಿದ್ರು.

"ಸಿಡೀತೇನಯ್ಯ?" ಸಾಹುಕಾರ್ರ ದನಿ.

"ಇಲ್ಲ ಸಾರ್, ಸೂಪರ್‌ವೈಸರ್ರು ಸೀನಿದ್ರು."

"ಇನ್ನೊಂದ್ಸಲ ನೋಡ್ಬುಡು. ಅವ್ರು ಮತ್ತೆ ಸೀನಿದ್ರೆ ನಾನ್ ಬರ್ತೀನಿ."

ಮಷೀನಿನ ಕೂದಲು

ಹತ್ತು ತೋಟಾ ಇಳಿದ್ರೆ ಎರಡು ತಲೆಕೆಳಗು. ನಾನು ಒಂದು ವಾರ ಕೂತು ನಕ್ಷೆ ಬರೆದೆ. ಸ್ಪ್ರಿಂಗು, ಸನ್ನೆ, ಬೇರಿಂಗು, ಏನೇನೋ. ಪ್ಯಾಕಿಂಗ್‌ನಲ್ಲಿ ಎಲ್ರಿಗಿಂತ ಹಿರೀಕಳು ಒಬ್ಬಮ್ಮ ಇದ್ರು. ವಾರವೆಲ್ಲ ನೋಡಿ ನೋಡಿ, ಎಂಟನೇ ದಿನ ಎದ್ದು ಬಂದು, ತುರುಬಿಂದ ಒಂದು ಹೇರ್‌ಪಿನ್ ಕಿತ್ತು ಕೊಳವೆ ಬಾಯಲ್ಲಿ ಅಡ್ಡ ಸಿಗಿಸಿದ್ರು. ಬಾಯಿ ಕೆಳಗಾಗಿ ಬಂದ ತೋಟಾ ಪಿನ್ನಿಗೆ ಸಿಕ್ಕಿ ಪಲ್ಟಿ ಹೊಡೆದು ನೆಟ್ಟಗಾಗೋದು. ಬುಡ ಕೆಳಗಾಗಿ ಬಂದಿದ್ದು ಪಿನ್ನು ಸವರ್ಕೊಂಡು ಹಂಗೇ ಇಳಿಯೋದು.

"ಇದೇನಮ್ಮ ಇದು?" ಅಂದೆ.

"ನಿಮ್ದು ಬರ್ದಾಯ್ತಾ? ಆಗಿದ್ರೆ ಆ ಕಾಗ್ದ ಕೊಡಿ, ಕಡ್ಲೇಕಾಯಿ ಸುತ್ಕೋತೀನಿ" ಅಂದ್ರು.

ಪಿನ್ನು ಎರಡು ದಿನಕ್ಕೊಂದು ಸವೆಯೋದು. ತುರುಬು ಬಿಚ್ಚೋಗೋ ಹಂಗಾದಾಗ ಆಯಮ್ಮ "ಇನ್ ನನ್ ತಲೇಲಿ ಸ್ಟಾಕಿಲ್ಲ" ಅಂದ್ಬುಟ್ರು. ಆಮೇಲೆ ಪ್ರತಿ ತಿಂಗಳು ಸಾಹುಕಾರ್ರೇ ಮನೆಗೆ ಹೋಗೋ ದಾರೀಲಿ ಒಂದು ಡಜನ್ ತಗೊಂಡು ಜೇಬಲ್ಲಿ ಇಟ್ಕೊಳ್ಳೋರು. ಒಂದಿನ ಅವರ ಹೆಂಡ್ತಿ ಶರ್ಟು ಒಗೆಯಕ್ಕೆ ತೆಗೆದ್ರು. ಅರ್ಧ ಗಂಟೇಲಿ ಫ್ಯಾಕ್ಟರಿಗೆ ಫೋನು, ಎತ್ತಿದ್ದು ನಾನು.

"ಈ ಪಿನ್ನು ಯಾರ್ದು ಅಂದ್ರೆ ಮಷೀನಿಂದು ಅಂತಾರೆ. ನಿಜ ಹೇಳಿ" ಅಂದ್ರು.

"ನಿಜ ಕಣಮ್ಮ, ಮಷೀನಿಂದೇ."

ಅವರು ಕೇಳಿದ್ರು: "ಆಯ್ತು. ನಿಮ್ಮ ಮಷೀನಿನ ಜಡೆ ಎಷ್ಟುದ್ದ ಇದೆ?"

ರುಚಿ

ಮಳೆಗಾಲದಲ್ಲಿ ಥಂಡಿಗೆ ತೋಟಾ ಕೊಳವೆಗೆ ಅಂಟ್ಕೊಳ್ಳೋದು. ನಾನು ಬುದ್ಧಿವಂತ, ಕೊಳವೆ ಒಳಗೆ ಕೊಬ್ಬರಿ ಎಣ್ಣೆ ಸವರಿಬುಟ್ಟೆ. ತೋಟಾ ಚೆನ್ನಾಗೇ ಜಾರಿದ್ವು. ಒಂದೊಂದಲ್ಲ, ಮೂರ್ಮೂರು. ಜೊತೆಗೆ ಎಣ್ಣೇನೂ ಜಾರಿ ಪುಡಿಗೆ ಇಳೀತು. ಆ ಸರಕನ್ನ ಹೊರಗೆ ಕಳಿಸ್ಲಿಲ್ಲ, ಪಕ್ಕಕ್ಕಿಟ್ಟೆ. ಸಾಹುಕಾರ್ರು ಊಟ ಆದ್ಮೇಲೆ ದಿನಾ ಒಂದು ಚಿಟಿಕೆ ಬಾಯಿಗೆ ಹಾಕ್ಕೊಳ್ಳೋರು. ಅವತ್ತು ಕೈಗೆ ಸಿಕ್ಕಿದ್ದು ಅದೇ ಡಬ್ಬಿ.

"ಆಹಾ! ಇಷ್ಟು ವರ್ಷದಲ್ಲಿ ಈ ರುಚಿ ಬಂದಿರ್ಲಿಲ್ಲ. ಇದಕ್ಕೇನಯ್ಯ ಹಾಕಿದ್ದು?"

"ಏನಿಲ್ಲ ಸಾರ್, ಮೈಂಟೆನೆನ್ಸು."

ಒಂದು ಮುಷ್ಟಿ

ಒಂದ್ಸಲ ಆಯುಧಪೂಜೆಗೆ ನಾಲ್ಕು ದಿನ ಮುಂಚೆ ಸಾಹುಕಾರ್ರು ಕರೆದ್ರು. ಅವತ್ತು ನಗ್ಲಿಲ್ಲ.

"ದಸರಾ ಮುಗಿದ ಮಾರನೇ ದಿನ ಹುಬ್ಬಳ್ಳಿಯಿಂದ ದೊಡ್ಡ ವ್ಯಾಪಾರಿ ಬರ್ತಾರೆ. ಮಷೀನು ಒಂದು ಗಂಟೆ ನಿಲ್ಲದೆ ಓಡಿದ್ರೆ ವರ್ಷದ ಆರ್ಡರು. ನಿಂತ್ರೆ ಕೊಯಮತ್ತೂರಿಗೆ ಫೋನ್ ಮಾಡ್ಲೇಬೇಕಾಗುತ್ತೆ ಕಣಯ್ಯ. ಬೇಜಾರ್ ಮಾಡ್ಕೋಬೇಡ."

ಮೂರು ದಿನ ಮಷೀನನ್ನ ಪೂರ್ತಿ ಬಿಚ್ಚಿ ತೊಳೆದು ಕೂರಿಸಿದೆ. ಗಂಟೆಗಟ್ಲೆ ಓಡ್ಸಿದೆ, ಒಂದು ತೋಟಾನೂ ತಪ್ಪಲಿಲ್ಲ. ನಾಲ್ಕನೇ ದಿನ ಆಯುಧಪೂಜೆ. ಸಾಹುಕಾರ್ರ ತಾಯಿ ಬಂದು ಮಷೀನಿಗೆ ಮೂರೆಳೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡು ಹೂವಿನ ಹಾರ ಹಾಕಿ, ಬೂದುಗುಂಬಳ ಒಡೆಸಿದ್ರು. ಮಾರನೇ ದಿನ ವಿಜಯದಶಮಿ, ರಜ.

ಅದರ ಮಾರನೇ ದಿನ ವ್ಯಾಪಾರಿ ಬಂದ್ರು. ಬಿಳೀ ಜುಬ್ಬಾ, ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ನಿಂತ್ರು. ಸಾಹುಕಾರ್ರು, ಅವರ ತಾಯಿ, ಪ್ಯಾಕಿಂಗ್ ಹೆಂಗಸರು, ಎಲ್ಲಾ ಸುತ್ತ. ನಾನು ಸ್ವಿಚ್ ಒತ್ತಿದೆ. ಮೊದಲನೇ ತೋಟಾ ಅರ್ಧ ಇಳಿದು ಓರೆಯಾಗಿ ನಿಂತ್ಕೊಂಡ್ತು. ಕಟಕ್ ಅಂತ ತಟ್ಟೆ ಸ್ತಬ್ಧ.

ಸ್ಪ್ರಿಂಗ್ ನೋಡಿದೆ, ಸರಿಯಾಗಿದೆ. ತಟ್ಟೆ ನೋಡಿದೆ, ಸರಿಯಾಗಿದೆ.

"ಏನ್ರೀ, ಹಬ್ಬದ ಊಟಾ ಮಷೀನಿಗೂ ಭಾರ ಆತೇನು?" ಅಂದ್ರು ವ್ಯಾಪಾರಿ. "ನಿಮ್ಮ ಪುಡಿ ಅದಕ್ಕೂ ಒಂದೀಟು ಕೊಡ್ರಲಾ."

"ದೃಷ್ಟಿ ಆಗೈತೆ ಕಣಪ್ಪ. ಇನ್ನೊಂದು ಕುಂಬಳಕಾಯಿ ತರ್ಸಿ" ಅಂತ ಸಾಹುಕಾರ್ರ ತಾಯಿ.

ಕೊನೆಗೆ ಕೊಳವೆ ಬಿಚ್ಚಿ ಬೋರಲು ಹಾಕಿ ತಟ್ಟಿದೆ. ಬಿಳೀ ಹಾಳೆ ಮೇಲೆ ಹಳದಿ ಅಕ್ಕಿ ಉದುರ್ತು. ಒಂದೆರಡು ಕಾಳಲ್ಲ, ಒಂದು ಮುಷ್ಟಿ. ಅಕ್ಷತೆ. ಅರಿಶಿನದ ಪಸೆಗೆ ಕೊಳವೆ ಬುಡದಲ್ಲಿ ಉಂಡೆ ಕಟ್ಟಿತ್ತು.

"ಅಮ್ಮಾ!" ಅಂದ್ರು ಸಾಹುಕಾರ್ರು.

"ನನ್ ಮ್ಯಾಲೆ ಹೇಳ್ಬೇಡ. ನಾನು ಹಾಕಿದ್ದು ಮಷೀನಿನ ನೆತ್ತಿಗೆ ನಾಕು ಕಾಳು. ಆ ತೂತು ಎಲ್ಲೈತೆ ಅಂತ ನಂಗೇನ್ ಗೊತ್ತು?" ಅಂದ್ರು ತಾಯಿ.

ಆ ತೂತು ಗೊತ್ತಿದ್ದೋನು ಇಡೀ ಫ್ಯಾಕ್ಟರೀಲಿ ಒಬ್ಬನೇ. ಪೂಜೆ ದಿನ ಎಲ್ರೂ ಚರುಪಿನ ಪ್ರಸಾದ ತಗೊಳ್ಳಕ್ಕೆ ಹೋದಾಗ, ಕೆಲ್ಸ ಉಳಿಸಪ್ಪಾ ಅಂತ ಬೇಡ್ಕೊಂಡು, ಪೂಜೆ ತಟ್ಟೇಲಿ ಮಿಕ್ಕಿದ್ದ ಅಕ್ಷತೇನೆಲ್ಲ ಎಲ್ಲಿ ತೊಂದ್ರೆ ಇದ್ಯೋ ಅಲ್ಲೇ ಹಾಕೋಣ ಅಂತ ಕೊಳವೆಗೆ ಸುರಿದಿದ್ದು ನಾನೇ. ಸ್ಕೂಲಲ್ಲಿ ಎತ್ತೋ ಹಂಗೆ ಕೈ ಎತ್ತಿದೆ.

ವ್ಯಾಪಾರಿ ಬಗ್ಗಿ ಹಾಳೆಯಿಂದ ಎರಡು ಕಾಳು ತಗೊಂಡು, ಕಣ್ಣಿಗೆ ಒತ್ಕೊಂಡು, ತಲೆ ಮೇಲೆ ಹಾಕ್ಕೊಂಡ್ರು. ಗಡಿಯಾರದ ಮುಳ್ಳು ಸರಿ ಮಾಡಿ, "ಈಗಿಂದ ಲೆಕ್ಕ. ಹಚ್ರೀ" ಅಂದ್ರು.

ಒಂದು ಗಂಟೆ, ಮೇಲೆ ಹತ್ತು ನಿಮಿಷ ಓಡ್ತು. ಆರ್ಡರು ಬಂತು, ಕೊಯಮತ್ತೂರಿಗೆ ಫೋನ್ ಹೋಗ್ಲಿಲ್ಲ.

ಸಂಜೆ ಶ್ರೀರಾಂಪುರದ ಮನೇಲಿ ಕಾಫಿ ಕುಡೀತಾ ಎಲ್ಲಾ ಹೇಳ್ದೆ. ನನ್ನಾಕೆ ಸೊಪ್ಪು ಬಿಡಿಸ್ತಾ ಕೂತಿದ್ಲು. ತಲೆ ಎತ್ತದೆ ಪೂರ್ತಿ ಕೇಳಿಸ್ಕೊಂಡು ಹೇಳಿದ್ಲು:

"ನಮ್ಮ ಮದ್ವೇಲಿ ಇಡೀ ಛತ್ರವೇ ನನ್ ತಲೆ ಮೇಲೆ ಅಕ್ಷತೆ ಸುರೀತು. ಅವತ್ತಿಂದ ಒಂದಿನ ನಿಲ್ಲದೆ ಓಡ್ತಾ ಇದೀನಿ. ನನ್ನ ಯಾರು ಬಿಚ್ಚಿ ನೋಡಿದ್ರು? ಕುಡಿದಾಗಿದ್ರೆ ಆ ಲೋಟ ತೊಳೆದಿಡಿ."