ಚೌಕಟ್ಟಿಗೊಂದು ಮಾಲೆ

ನಿವೃತ್ತನಾದ ಡ್ರಾಯಿಂಗ್ ಮಾಸ್ತರನಷ್ಟು ಅಪಾಯದ ಪ್ರಾಣಿ ಊರಿನಲ್ಲಿ ಇನ್ನೊಂದಿಲ್ಲ. ಗಣಿತದ ಮಾಸ್ತರ ನಿವೃತ್ತನಾದರೆ ಟ್ಯೂಷನ್ ಹೇಳುತ್ತಾನೆ, ಕನ್ನಡದ ಮಾಸ್ತರ ಸಭೆಗಳ ಅಧ್ಯಕ್ಷತೆ ವಹಿಸುತ್ತಾನೆ. ಡ್ರಾಯಿಂಗ್ ಮಾಸ್ತರನಿಗೆ ಎರಡೂ ಇಲ್ಲದ್ದರಿಂದ ಆತ ಮನೆಯ ಗೋಡೆಗಳನ್ನು ದಿಟ್ಟಿಸಲು ಶುರು ಮಾಡುತ್ತಾನೆ. ನಾನು ಹಿತ್ತಲ ಗೋಡೆಯ ಮೇಲೆ ನವಿಲು ಬರೆದ ದಿನ ನನ್ನ ಹೆಂಡತಿ, "ಕೈ ಅಷ್ಟು ಕಡೀತಿದ್ರ ಎಲ್ಲೆರ ಹೊರಗ ಹೋಗಿ ಬರೀರಿ, ನಮ್ಮ ಗ್ವಾಡಿ ಬಿಡ್ರಿ" ಎಂದಳು. ಗಂಗಾವತಿಯ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ನಾನು ನಡೆಸಿದ ಕುಟುಂಬ ಚಿತ್ರಕಲಾ ಶಿಬಿರ ಹುಟ್ಟಿದ್ದು ಹೀಗೆ. ಅದೇ ಶಿಬಿರದಲ್ಲಿ ನಾನು ಬದುಕಿದ್ದ ಮನುಷ್ಯನೊಬ್ಬನಿಗೆ ಮಾಲೆ ಹಾಕಿಸಿದೆ. ಸನ್ಮಾನದ ಮಾಲೆಯಲ್ಲ.

ಭಾನುವಾರ ಮಧ್ಯಾಹ್ನ, ಗಿರಾಕಿ ಕಡಿಮೆಯಾಗುವ ಹೊತ್ತಿಗೆ, ತಗಡಿನ ಶೆಡ್ಡಿನ ಕೆಳಗಿನ ಖಾಲಿ ಕಟ್ಟೆಯ ಮೇಲೆ ನಮ್ಮ ಶಿಬಿರ. ಮಾರುವವರ ಮಕ್ಕಳು, ಅವರ ತಾಯಂದಿರು, ಅಜ್ಜಿಯರು, ಎಲ್ಲರೂ ಬರುತ್ತಿದ್ದರು. ಮೊದಲ ವಾರ ಬೆಂಡೆಕಾಯಿ ಕತ್ತರಿಸಿ, ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಅಚ್ಚು ಒತ್ತುವುದನ್ನು ಕಲಿಸಿದೆ. ಮುಗಿದ ಮೇಲೆ ಒಬ್ಬ ಅಜ್ಜಿ ಆ ನೀಲಿ ಬೆಂಡೆಕಾಯಿಗಳನ್ನೆಲ್ಲ ಸೆರಗಿಗೆ ಕಟ್ಟಿಕೊಂಡು, "ತೊಳದ್ರ ಹೋಗತೈತಿ ತಗೋರಿ" ಎಂದು ಮನೆಗೆ ಒಯ್ದಳು. ಮರುವಾರ ಆಕೆ ನಡೆದುಕೊಂಡು ಬರುವುದನ್ನು ಕಣ್ಣಾರೆ ಕಾಣುವವರೆಗೂ ನನಗೆ ಊಟ ಸೇರಲಿಲ್ಲ. ಆ ವಾರ ಕಲಿಸಿದ್ದು ಮೇಣದ ಬಣ್ಣದ ಆಟ. ಮೇಣದ ಗೆರೆಯ ಮೇಲೆ ನೀರಿನ ಬಣ್ಣ ನಿಲ್ಲುವುದಿಲ್ಲ. ಎಷ್ಟು ಬಳಿದರೂ ಜಾರಿ, ಕೆಳಗಿನ ಗೆರೆ ಹಾಗೇ ಎದ್ದು ಕಾಣುತ್ತದೆ. ನೌಕರಿಯುದ್ದಕ್ಕೂ ಇದನ್ನು ಜಾದೂ ಎಂದು ಹೇಳಿಕೊಂಡು ಮಕ್ಕಳಿಂದ ಚಪ್ಪಾಳೆ ಗಿಟ್ಟಿಸಿದವನು ನಾನು. ಓದುವವರು ಈ ಮಾತನ್ನು ನೆನಪಿಡಿ. ಬೇಕಾದ ಹೊತ್ತಿಗೆ ನನಗೆ ನೆನಪಾಗಲಿಲ್ಲ.

ನಮ್ಮ ಕಟ್ಟೆಯ ಪಕ್ಕದಲ್ಲೇ ನಿಂಬೆಹಣ್ಣು ಮಾರುವ ಹನುಮಂತಪ್ಪನ ಜಾಗ. ಗುಟ್ಕಾದಿಂದ ಬಾಯಲ್ಲಿ ಹುಣ್ಣಾಗಿ, ಒಂದು ಕಡೆಯ ದವಡೆ ಬಾತು, ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿ ಬಂದಿದ್ದ. ತಡವಾಯಿತು, ಇನ್ನು ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಆತನಿಗೆ ಹೇಳಿದ್ದರು. ಜೊತೆಗೆ ಹೋಗಿದ್ದ ಆತನ ತಮ್ಮ ಅದನ್ನೇ ಹನುಮಂತಪ್ಪನ ಹೆಂಡತಿ ದುರಗಮ್ಮನಿಗೆ ಹೇಳಿದ್ದ. ಆಕೆಗೆ ಗೊತ್ತಿಲ್ಲವೆಂದು ಈತ, ಈತನಿಗೆ ಗೊತ್ತಿಲ್ಲವೆಂದು ಆಕೆ, ಇಬ್ಬರೂ ಅದನ್ನು ಬರೀ ಹಲ್ಲುನೋವು ಎನ್ನುತ್ತ ಸಂಸಾರ ಸಾಗಿತ್ತು. ಇಬ್ಬರೂ ಬೇರೆ ಬೇರೆಯಾಗಿ ಬಂದು ನನ್ನ ಮುಂದೆ ಗೋಳು ಹೇಳಿಕೊಂಡು, "ಆಕಿ ಮುಂದ ಅನಬ್ಯಾಡ್ರಿ ಸರ", "ಅವರ ಮುಂದ ಬಾಯಿ ಬಿಡಬ್ಯಾಡ್ರಿ" ಎಂದಿದ್ದರು. ಮಾರ್ಕೆಟ್ಟಿನವರಿಗೂ ಎಲ್ಲ ಗೊತ್ತು. ಆದರೂ ದಿನಾ ಬೆಳಿಗ್ಗೆ, "ಹಲ್ಲಿನ ಬ್ಯಾನಿ ಕಡಿಮಿ ಆತೇನಪಾ?" ಎಂದು ಕೇಳುತ್ತಿದ್ದರು. ನಾನೂ ಕೇಳುತ್ತಿದ್ದೆ, ಕೇಳಿ ನಾಚುತ್ತಿದ್ದೆ. ನಾಚಿಕೆಗಿಂತ ದೊಡ್ಡ ಸಂಕಟ ಬೇರೆಯಿತ್ತು. ಬೆಳಗಿನ ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ದರ ಕೂಗಿ ಹಣ್ಣಿನ ಚೀಲ ಹಿಡಿಯುವುದು ದುರಗಮ್ಮನಿಗೆ ಬರುತ್ತಿರಲಿಲ್ಲ. ನಾಳೆ ಆಕೆಯೂ ಪುಟ್ಟ ಮಗಳು ರೇಣುಕಾಳೂ ಬದುಕಬೇಕಾದದ್ದು ಅದರಿಂದಲೇ. ಕಲಿಸಲು ಹೊರಟರೆ ಈಗ ಯಾಕೆ ಎಂಬ ಪ್ರಶ್ನೆ ಬರುತ್ತದೆಂದು ಹನುಮಂತಪ್ಪ ಕಲಿಸುತ್ತಿರಲಿಲ್ಲ. ದಿನಗಳು ಹೋಗುತ್ತಿದ್ದವು.

ಶಿಬಿರದ ಕೊನೆಯ ಭಾನುವಾರ 'ನಮ್ಮ ಮನೆಯವರು' ಎಂಬ ವಿಷಯ ಕೊಟ್ಟೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ವಾರವೆಲ್ಲ ಕೂತು ಸೇಬಿನ ಡಬ್ಬಿಯ ರಟ್ಟು ಕತ್ತರಿಸಿ, ಬಂಗಾರದ ಬಣ್ಣ ಬಳಿದು, ಎಲ್ಲರಿಗೂ ಒಂದೊಂದು ಚೌಕಟ್ಟು ಮಾಡಿಕೊಂಡು ಬಂದಿದ್ದೆ. ನಮ್ಮ ಕಡೆ ಮನೆಯ ಗೋಡೆಯ ಮೇಲೆ ಚೌಕಟ್ಟಿನೊಳಗೆ ಯಾರಿರುತ್ತಾರೆ ಎಂದು ಯೋಚಿಸಲಿಲ್ಲ. ದೇವರಿರುತ್ತಾರೆ, ಇಲ್ಲವೇ ತೀರಿಕೊಂಡವರಿರುತ್ತಾರೆ. ಜೀವ ಇರುವವರೆಲ್ಲ ಮೊಬೈಲಿನಲ್ಲಿರುತ್ತಾರೆ. ಮಕ್ಕಳು ಚೌಕಟ್ಟನ್ನು ಕಂಡದ್ದೇ ತಡ, ಅದಕ್ಕೆ ಸಲ್ಲಬೇಕಾದ ಮರ್ಯಾದೆಯನ್ನೆಲ್ಲ ಸಲ್ಲಿಸಿಬಿಟ್ಟರು. ಹಣೆಗೆ ಕುಂಕುಮ, ಮೇಲಿನಿಂದ ಇಳಿಬಿದ್ದ ಚೆಂಡು ಹೂವಿನ ಮಾಲೆ. ಅಲ್ಲೇ ಬೆಳ್ಳುಳ್ಳಿ ಸುಲಿಯುತ್ತಿದ್ದ ಸೋದರತ್ತೆಯೊಬ್ಬಳು ಅಣ್ಣನ ಮಗ ಬರೆದ ತನ್ನ ಚಿತ್ರ ನೋಡಿ, "ಏ ಖೋಡಿ, ನಾ ಇನ್ನಾ ಇಲ್ಲೇ ಕುಂತೀನಲ್ಲೋ!" ಎಂದು ಚೀರಿದಳು. ಹೂವಿನ ಅಂಗಡಿಯ ಮಹಬೂಬಣ್ಣ, "ಇಷ್ಟು ಮಂದಿ ಒಮ್ಮೆಲೆ ಹೋಗ್ತಾರಂತ ಮದ್ಲ ಹೇಳಿದ್ರ ನಾ ಹೂ ಜಾಸ್ತಿ ತರಸ್ತಿದ್ದೆ ಸರ" ಎಂದ. ಮಾರ್ಕೆಟ್ಟೇ ಬಿದ್ದು ಬಿದ್ದು ನಕ್ಕಿತು.

ಆಗ ರೇಣುಕಾ ತನ್ನದನ್ನು ಎತ್ತಿ ಹಿಡಿದಳು. ನಿಂಬೆಹಣ್ಣಿನ ರಾಶಿಯ ಹಿಂದೆ ಅವರಪ್ಪ, ಬಾತ ದವಡೆ ಸಮೇತ, ಕೊರಳ ತುಂಬ ಕಿತ್ತಳೆ ಬಣ್ಣದ ದಪ್ಪ ಮಾಲೆ. "ಸರ, ನಮ್ಮಪ್ಪಂದು ಛಲೋ ಆಗೇತಿಲ್ರಿ?" ಎಂದಳು. ನಗೆ ನಿಂತುಹೋಯಿತು. ದುರಗಮ್ಮ ಕಟ್ಟೆಯ ಆ ತುದಿಯಲ್ಲಿದ್ದಳು, ಇನ್ನೂ ನೋಡಿರಲಿಲ್ಲ. "ಸ್ವಲ್ಪ ತಿದ್ದೋಣವ್ವಾ" ಎಂದು ಚಿತ್ರ ಕಸಿದುಕೊಂಡು, ಬಿಳಿ ಬಣ್ಣದಲ್ಲಿ ಕುಂಚ ಅದ್ದಿ ಮಾಲೆಯ ಮೇಲೆ ಬಳಿದೆ. ಮೇಣದ ಮಾಲೆಯ ಮೇಲೆ ಬಿಳಿ ಬಣ್ಣ ಹನಿಹನಿಯಾಗಿ ಜಾರಿತು, ಹೂಗಳು ಒಂದೊಂದೇ ಎದ್ದು ಬಂದವು. ಇನ್ನಷ್ಟು ಬಳಿದೆ. ಈಗಷ್ಟೇ ನೀರು ಚಿಮುಕಿಸಿ ಅಂಗಡಿಯ ಮುಂದೆ ತೂಗಿದ ಮಾಲೆಯ ಹಾಗೆ ಅದು ಫಳಫಳ ಹೊಳೆಯತೊಡಗಿತು. "ಜಾದೂ! ಜಾದೂ!" ಎಂದು ರೇಣುಕಾ ಚಪ್ಪಾಳೆ ತಟ್ಟಿದಳು. ಆ ಗದ್ದಲಕ್ಕೆ ಗಂಡ ಹೆಂಡತಿ ಇಬ್ಬರೂ ಬಂದು ನನ್ನ ಹಿಂದೆ ನಿಂತರು.

ಹನುಮಂತಪ್ಪ ಬಗ್ಗಿ ಚಿತ್ರ ನೋಡಿದ. "ಬಿಡ್ರಿ ಸರ, ಅದು ಹೋಗೂದಲ್ಲ" ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನಿನಗೂ ಗೊತ್ತೈತಿ, ಹೌದಿಲ್ಲೋ?" ಎಂದು ಕೇಳಿದ. ದುರಗಮ್ಮ ಉಳ್ಳಾಗಡ್ಡಿ ಚೀಲದ ಮೇಲೆ ಕುಸಿದು ಕೂತು, "ಹೂಂ" ಎಂದಳು.

"ಮತ್ತ ಹಲ್ಲಿಗೆ ಅಂತ ದಿನಾ ಲವಂಗ ಯಾಕ ಕೊಡತಿದ್ದಿ?"

"ನೀವು ಯಾಕ ಕಡೀತಿದ್ರಿ?"

ಆತ ನಗಲು ಹೋದ, ದವಡೆ ಬಿಡಲಿಲ್ಲ. ಆಕೆ ಅವನ ಕೈ ಹಿಡಿದುಕೊಂಡು ಎಲ್ಲರ ಎದುರಿಗೇ ಅತ್ತಳು. ನಾನು ಕುಂಚ ಹಿಡಿದು ನಿಂತಿದ್ದೆ. ನೆಲ ಬಾಯಿ ಬಿಟ್ಟಿದ್ದರೆ ಖುಷಿಯಿಂದ ಒಳಗೆ ಹೋಗುತ್ತಿದ್ದೆ. ಮಹಬೂಬಣ್ಣ ಬಂದು ಕುಂಚ ಇಸಿದುಕೊಂಡು, "ಇನ್ನ ತಿದ್ದಬ್ಯಾಡ್ರಿ ಸರ" ಎಂದು ಮೆಲ್ಲಗೆ ಹೇಳಿದ.

ಮರುದಿನ ನಸುಕಿನಲ್ಲಿ ಹನುಮಂತಪ್ಪ ಹೆಂಡತಿಯನ್ನು ಸವಾಲಿಗೆ ಕರೆದುಕೊಂಡು ಹೋದ. ಆಕೆ ಹೆದರಿ ಮೆತ್ತಗೆ ಕೂಗಿದರೆ ಹಿಂದಿನಿಂದ, "ಜೋರ್ ಕೂಗ, ನನಗ ಕೂಗಾಕಾಗೂದಿಲ್ಲ" ಎನ್ನುತ್ತಿದ್ದನಂತೆ. ಮಾತು ಪೂರ್ತಿ ನಿಂತ ಮೇಲೆ ಬೆರಳು ಎತ್ತಿ ದರ ತೋರಿಸುತ್ತಿದ್ದ. ಬೇಸಿಗೆಯಲ್ಲಿ ನಿಂಬೆಗೆ ಬೆಲೆ ಏರುವ ಹೊತ್ತಿಗೆ ಆತ ಹೋದ. ಅಷ್ಟರಲ್ಲಿ ದುರಗಮ್ಮನ ದನಿ ಶೆಡ್ಡಿನ ಆ ತುದಿಗೆ ಕೇಳುವಷ್ಟಾಗಿತ್ತು. ನನ್ನಿಂದ ಒಳ್ಳೆಯದಾಯಿತೋ ಕೆಟ್ಟದಾಯಿತೋ ಇಂದಿಗೂ ತಿಳಿಯುವುದಿಲ್ಲ.

ಹನುಮಂತಪ್ಪನದು ಒಳ್ಳೆಯ ಫೋಟೋ ಒಂದೂ ಇರಲಿಲ್ಲವಂತೆ. ರೇಣುಕಾ ಬರೆದದ್ದನ್ನೇ ದುರಗಮ್ಮ ಗಾಜು ಹಾಕಿಸಿ ಗೋಡೆಗೆ ತೂಗಿದ್ದಾಳೆ. ಮೊನ್ನೆ ಹೋದಾಗ, "ಈ ಮಾಲಿ ಬಾಡೂದಿಲ್ಲ ನೋಡ್ರಿ ಸರ" ಎಂದಳು. ಮಾಲೆಯ ಸುತ್ತ ನಾನು ಬಳಿದ ಬಿಳಿ ಕಲೆಗಳೂ ಹಾಗೇ ಇವೆ. ಬಂದವರು ಅದೇನೆಂದು ಕೇಳಿದರೆ, "ಅದು ನಮ್ಮ ಸರ ಬರದದ್ದು" ಎಂದು ಆಕೆ ಅಭಿಮಾನದಿಂದಲೇ ಹೇಳುತ್ತಾಳೆ. ಹುಟ್ಟಿದಾಗಿನಿಂದ ನಾನು ಬರೆದದ್ದರಲ್ಲಿ ಗಾಜಿನ ಚೌಕಟ್ಟು ಕಂಡದ್ದು ಅದೊಂದೇ.