ಚಿಕ್ಕಮ್ಮನ ಜಾಮಿಗೆ ಬೂಷ್ಟು ಬಂದದ್ದು

ನಮ್ಮ ಚಿಕ್ಕಮ್ಮನಿಗೆ ದೇವರ ಮೇಲೆ ಎಷ್ಟು ನಂಬಿಕೆಯೋ ನಾನು ಕಾಣೆ. ಒಣ ಚಮಚದ ಮೇಲೆ ಮಾತ್ರ ಅಚಲ ಭಕ್ತಿ! ದೇವರ ಮುಂದೆ ನಾವೆಲ್ಲ ಕೈಕಾಲು ತೊಳೆದುಕೊಂಡು ನಿಲ್ಲುತ್ತೇವಲ್ಲ, ಇವರ ಜಾಮ್ ಬಾಟಲಿಯ ಮುಂದೆ ಕೈ ಒರೆಸಿ, ಆರಿಸಿ, ಎರಡೂ ಅಂಗೈ ತೋರಿಸಿ ನಿಲ್ಲಬೇಕು. ಇಲ್ಲದಿದ್ದರೆ ದರ್ಶನವಿಲ್ಲ.

ಅವರು ಇರುವುದು ಕುರುಗೋಡಿನಲ್ಲಿ. ಅಂಜೂರದ ಕಾಲ ಬಂತೆಂದರೆ ಆ ಅಡುಗೆಮನೆಯಲ್ಲಿ ಅನ್ನ ಸಾರು ಮಾಡುವುದಕ್ಕೂ ಜಾಗ ಇರುವುದಿಲ್ಲ. "ಜಾಮ್ ಮಾಡಾದು ಯಾರ್ ಬೇಕಾದ್ರೂ ಮಾಡ್ತಾರ. ಕೆಡದಂಗ ಇಡಾದು ಐತಲ್ಲ, ಅದಕ್ಕ ಪುಣ್ಯ ಮಾಡಿರಬೇಕು" ಎನ್ನುತ್ತಾರೆ. ಆ ಪುಣ್ಯದ ಕೆಲಸ ಶುರುವಾಗುವುದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಅಲ್ಲಿನ ಹಳೆ ಬಾಟಲಿ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋಗುತ್ತಾರೆ. ಒಂದೊಂದು ಬಾಟಲಿಗೂ ನೀರು ತುಂಬಿಸಿ, ಮುಚ್ಚಳ ತಿರುಗಿಸಿ, ತಲೆಕೆಳಗು ಮಾಡಿ ಹಾಳೆಯ ಮೇಲೆ ನಿಲ್ಲಿಸುವುದು. ಹಾಳೆ ಒದ್ದೆಯಾದರೆ ಆ ಮುಚ್ಚಳ ತೆಗೆದು ಇನ್ನೊಂದು ಹಾಕುವುದು. ಬಿಸಿಲೇರಿದರೂ ಮುಗಿಯದ್ದನ್ನು ನೋಡಿ ಅಂಗಡಿಯ ಸಾಬರು ಕೇಳಿಯೇಬಿಟ್ಟರು:

"ಅಮ್ಮಾ, ಬಾಟ್ಲಿ ತಗೋತೀರೋ, ಬಾಟ್ಲಿಗೂ ಮುಚ್ಚಳಕ್ಕೂ ಜಾತಕ ಕೂಡಸ್ತೀರೋ?"

"ಮುಚ್ಚಳ ಸಡ್ಲ ಇದ್ರ ಸಂಸಾರ ನಿಲ್ಲಂಗಿಲ್ಲ ಭಾಯ್" ಎಂದು ಚಿಕ್ಕಮ್ಮ ಮುಂದಿನ ಬಾಟಲಿಗೆ ಕೈಹಾಕಿದರು.

ಬಳ್ಳಾರಿ ಸೀಮೆಯ ಬಿಸಿಲನ್ನು ಬೈಯದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಕುದಿಸಿದ ಬಾಟಲಿಗಳನ್ನು ಮಾಳಿಗೆಯ ಮೇಲೆ ಸಾಲಾಗಿ ಬೋರಲು ಹಾಕಿ, ಸೂರ್ಯನಿಗೆ ಕೈಮುಗಿದು ಇಳಿಯುತ್ತಾರೆ ಚಿಕ್ಕಮ್ಮ. ಒಮ್ಮೆ ನಮ್ಮ ಚಿಕ್ಕಪ್ಪ, ಪಾಪ, ಹೊಲದಿಂದ ಬಂದವರು ಕಣ್ಣಿಗೆ ಬಿದ್ದ ಬಾಟಲಿಗೇ ನೀರು ತುಂಬಿಸಿಕೊಂಡು ಗಟಗಟ ಕುಡಿದುಬಿಟ್ಟರು. ಆ ಬಾಟಲಿಗೆ ಮತ್ತೆ ಕುದಿಯುವ ಶಿಕ್ಷೆ, ಚಿಕ್ಕಪ್ಪನಿಗೆ ಮಾಳಿಗೆ ಹತ್ತದ ಶಿಕ್ಷೆ! ಅಂದಿನಿಂದ ರೊಟ್ಟಿಗೆ ಜಾಮ್ ಬೇಕೆಂದರೂ ಅವರ ಕೈ ತಪಾಸಣೆಯಾಗುತ್ತದೆ.

"ಮದುವ್ಯಾಗ ನನ್ನ ಕೈ ಹಿಡಿಯುವಾಗ್ಲೂ ಇಷ್ಟು ನೋಡಿದ್ದಿಲ್ಲ ಇಕಿ" ಎಂದರು ಚಿಕ್ಕಪ್ಪ ನನ್ನ ಕಡೆ ತಿರುಗಿ.

"ಆವಾಗ ನೋಡಿದ್ರ ಹಿಡೀತಿದ್ನೇನು?" ಒಳಗಿನಿಂದ ಉತ್ತರ ಬಂತು.

ಇಂಥವರ ಜಾಮಿಗೆ ಬೂಷ್ಟು ಬಂದರೆ ಹೇಗಿರಬೇಡ? ಬಂತು! ಅದೂ ಎಲ್ಲಿ? ಸಿರುಗುಪ್ಪದ ಬೀಗರ ಮನೆಯಲ್ಲಿ! ಚಿಕ್ಕಮ್ಮನ ಒಬ್ಬಳೇ ಮಗಳು, ನನ್ನ ತಂಗಿ, ಆಗಷ್ಟೇ ಮದುವೆಯಾಗಿ ಆ ಮನೆ ಸೇರಿದ್ದಳು. ಜೊತೆಗೆ ದೊಡ್ಡ ಬಾಟಲಿ ಜಾಮೂ ಹೋಗಿತ್ತು. ಒಂದು ಬೆಳಗ್ಗೆ ಬೀಗಿತ್ತಿ ಬಹಳ ಮರ್ಯಾದೆಯಿಂದ ಫೋನ್ ಮಾಡಿದರು: "ಅಕ್ಕಾರ, ತಪ್ಪು ತಿಳ್ಕಾಬ್ಯಾಡ್ರಿ. ನೀವು ಕೊಟ್ಟಿದ್ದ ಜಾಮಿಗೆ ಬೂಷ್ಟು ಬಂದೈತ್ರಿ."

ಮಗಳನ್ನು ಕಳಿಸಿಕೊಡುವ ದಿನ ಒಂದು ಹನಿ ಕಣ್ಣೀರು ಹಾಕದ ಚಿಕ್ಕಮ್ಮ ಅವತ್ತು ಸೆರಗು ಕಣ್ಣಿಗೆ ಒತ್ತಿಕೊಂಡರು. ನನಗೆ ನಗು. ಅವರಿಗೆ ಅದು ನಗುವ ಮಾತಾಗಿರಲಿಲ್ಲ. "ನನ್ನ ಕೈಯಾಗ ತಪ್ಪಾಗಿದ್ರ ನನ್ನ ಮಗಳು ಆ ಮನ್ಯಾಗ ಸಾಯೋತನ ಮಾತು ಕೇಳಬೇಕಲೇ. ನಿಮ್ಮವ್ವ ಕಲಿಸಿದ್ದು ಇಷ್ಟೇ ಏನು ಅಂತಾರ" ಎಂದರು. ಅದು ನಿಜವೇ. ಹೊಸ ಸೊಸೆಯ ತವರಿನ ಮೇಲೆ ಮಾತು ಹುಟ್ಟಲು ಒಂದು ಬಾಟಲಿ ಸಾಕು. ಅದಲ್ಲದೆ ಬೀಗಿತ್ತಿಯೇ ಹಸಿ ಸೌಟು ಅದ್ದಿರಬೇಕೆಂಬ ಗುಮಾನಿಯೂ ಚಿಕ್ಕಮ್ಮನಿಗೆ ಇತ್ತು. ಸರಿ, ವಿಚಾರಣೆಗೆ ಹೊರಟೆವು. ಬಸ್ಸಿನ ಎರಡೂ ಕಡೆ ಗದ್ದೆ ಹಸಿರಾಗಿತ್ತು. ಚಿಕ್ಕಮ್ಮ ಒಂದು ಸಲವೂ ಕಿಟಕಿಯ ಹೊರಗೆ ನೋಡಲಿಲ್ಲ.

ಬೀಗರ ಮನೆಯಲ್ಲಿ ಚಹಾ ಬಂತು, ಮಂಡಕ್ಕಿ ಬಂತು. ಕೊನೆಗೆ ಬಾಟಲಿಯೂ ಬಂತು. ತಳದಲ್ಲಿ ಎರಡು ಚಮಚದಷ್ಟು ಜಾಮ್, ಅದರ ಮೇಲೆ ಬೂದುಬಣ್ಣದ ಬೂಷ್ಟು. ಚಿಕ್ಕಮ್ಮ ಮುಚ್ಚಳ ತಿರುಗಿಸಿ ನೋಡಿದರು. ಬಿಗಿಯಾಗಿಯೇ ಇತ್ತು.

"ಫ್ರಿಜ್ಜಿನ್ಯಾಗ ಇಟ್ಟಿದ್ದಿಲ್ಲೇನ್ರಿ?"

"ಫ್ರಿಜ್ಜಿನ್ಯಾಗ ಎಲ್ಲೈತ್ರಿ ಅಕ್ಕಾರ! ತೀರೇತಿ ಅಂತ ನಾವು ಮರತೇ ಬಿಟ್ಟಿದ್ವಿ. ಮೊನ್ನೆ ಇಕಿ ಸೀರಿ ಅಲಮಾರ್ಯಾಗ ಸಿಕ್ತು" ಎಂದರು ಬೀಗಿತ್ತಿ.

ಸೀರೆಯ ಅಲಮಾರಿಯಲ್ಲಿ ಜಾಮ್! ಚಿಕ್ಕಮ್ಮ ಮಗಳ ಕಡೆ ತಿರುಗಿದರು. ಅವಳು ಬಾಗಿಲಿಗೆ ಒರಗಿ ನಿಂತು ಉಗುರು ನೋಡಿಕೊಳ್ಳುತ್ತಿದ್ದಳು.

"ಹೊರಗಿದ್ರ ತೀರ್ತಿತ್ತವ್ವಾ. ಅದಕ್ಕ ಒಳಗಿಟ್ಕಂಡಿದ್ದೆ. ತಿಂದಿಲ್ಲ. ಮುಚ್ಚಳ ತಗದ್ರ ನಮ್ಮ ಅಡಿಗಿಮನಿ ವಾಸನಿ ಬರ್ತಿತ್ತು. ದಿನಾ ಒಂದೀಟು ತಗದು, ಮತ್ತ ಮುಚ್ಚತಿದ್ದೆ."

"ದಿನಾ ಮುಚ್ಚಳ ತಗದ್ರ ಗಾಳಿ ಹೋಗಂಗಿಲ್ಲೇನ, ಹುಚ್ಚೀ? ಕೆಡದ ಏನ್ ಮಾಡ್ತೈತಿ..." ಚಿಕ್ಕಮ್ಮ ಜೋರಾಗಿಯೇ ಶುರು ಮಾಡಿದರು. ಮಾತು ಅಲ್ಲಿಗೇ ನಿಂತಿತು. ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಂಡರು. ಕುರುಗೋಡಿಗೂ ಸಿರುಗುಪ್ಪಕ್ಕೂ ಎಷ್ಟು ದೂರ? ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್ಸಾಗಬಹುದು. ಆದರೂ ನಮ್ಮ ಹುಡುಗಿ ಅಷ್ಟು ಒಂಟಿಯಾಗಿದ್ದಳು, ನಮಗೆ ಯಾರಿಗೂ ಗೊತ್ತಾಗಿರಲಿಲ್ಲ.

ಬೀಗಿತ್ತಿ ಚಿಕ್ಕಮ್ಮನ ಪಕ್ಕದಲ್ಲಿ ಬಂದು ಕುಳಿತರು.

"ಅಕ್ಕಾರ, ಈ ಸಲ ಅಂಜೂರ ಬಂದಾಗ ಜಾಮ್ ಇಲ್ಲೇ ಬಂದು ಮಾಡ್ರಿ. ನಮ್ಮ ಅಡಿಗಿಮನಿಗೂ ಆ ವಾಸನಿ ಹತ್ತಲಿ."

ಆಗ ನನ್ನ ತಂಗಿ ಅತ್ತಳು. ಆ ಮನೆಗೆ ಬಂದ ಮೇಲೆ ಎಲ್ಲರೆದುರು ಅವಳು ಅತ್ತದ್ದು ಅದೇ ಮೊದಲು. ಇಬ್ಬರು ತಾಯಂದಿರೂ ಸುಮ್ಮನಿರು ಎನ್ನಲಿಲ್ಲ.